ಮೇಷ್ಟ್ರನ್ನು ಕೇಳಿ: ಮಗಳ ಕೋರ್ಸ್ ಉಳಿಸಲು ಯಾರ ಬಾಗಿಲು ತಟ್ಟಲಿ?

ಪ್ರಶ್ನೆ: ಮೇಷ್ಟ್ರೇ, ನಾವು ಅಮೆರಿಕದ ಓಹಿಯೋದಲ್ಲಿದ್ದೇವೆ. ಮಗಳು 11ನೇ ತರಗತಿ. ಅರ್ಧ ದಿನ ಹೈಸ್ಕೂಲು, ಇನ್ನರ್ಧ ದಿನ ಕೆಲಸದ ತರಬೇತಿ ಕೊಡುವ ಕೆರಿಯರ್ ಸೆಂಟರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್. ತುಂಬ ಇಷ್ಟಪಟ್ಟು ಕಲಿಯುತ್ತಿದ್ದಾಳೆ. ಈಗ ‘ಫೆಡರಲ್ (ಕೇಂದ್ರ ಸರ್ಕಾರದ) ದುಡ್ಡು ಬರೋದು ಅನುಮಾನ, ಮುಂದಿನ ವರ್ಷ ಕೋರ್ಸ್ ಇರುತ್ತೋ ಇಲ್ವೋ’ ಅನ್ನುತ್ತಿದ್ದಾರೆ. ಆನ್‌ಲೈನ್ ಮನವಿಗೆ ಸಹಿ ಹಾಕಿದ್ದೇವೆ. ನಮ್ಮದು ಎಚ್-1ಬಿ ವೀಸಾ, ಓಟಿಲ್ಲ. ಇನ್ನೇನು ಮಾಡಬಹುದು?

ಉತ್ತರ: ಸಹಿ ಹಾಕಿದ್ದು ಒಳ್ಳೆಯದೇ. ಆದರೆ ಮೊದಲು ಸೆಂಟರ್‌ನವರನ್ನು ಒಂದು ಮಾತು ಕೇಳಿ. ನಿಲ್ಲಬಹುದು ಅನ್ನುತ್ತಿರುವುದು ಯಾವ ದುಡ್ಡು?

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ 19 ವರ್ಷ ವೆಲ್ಡಿಂಗ್ ಕಲಿಸಿದವನು. ಒಂದು ವರ್ಷ ನಮಗೂ ಇದೇ ಸುದ್ದಿ ಬಂತು. ಮೇಷ್ಟ್ರು, ಮಕ್ಕಳು ಎಲ್ಲ ಸೇರಿ ಎರಡು ತಿಂಗಳು ವಾಷಿಂಗ್ಟನ್‌ಗೆ ಪತ್ರ ಬರೆದೆವು. ಫೆಡರಲ್ ಹಣ ಹಿಂದಿನ ವರ್ಷದಷ್ಟೇ ಬಂತು. ಆದರೂ ನಮ್ಮ ಎರಡನೇ ಬ್ಯಾಚ್ ಮುಚ್ಚಿತು. ನನ್ನ ಜೊತೆಯ ಮೇಷ್ಟ್ರು ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದು ಬೇಡ ಅಂತ ಸ್ಕೂಲ್ ಬೋರ್ಡ್, ಅಂದರೆ ಊರಿನ ಶಾಲೆಗಳನ್ನು ನಡೆಸುವ ಮಂಡಳಿ, ತೀರ್ಮಾನ ಮಾಡಿತ್ತು. ಆ ಸಭೆ ನಡೆದದ್ದು ನಮ್ಮ ವರ್ಕ್‌ಶಾಪಿನಿಂದ ಹತ್ತು ನಿಮಿಷದ ದಾರಿಯಲ್ಲಿ. ನಮ್ಮಲ್ಲಿ ಒಬ್ಬರೂ ಹೋಗಿರಲಿಲ್ಲ. ಮರು ವರ್ಷ ಅರ್ಧ ವೆಲ್ಡಿಂಗ್ ಬೂತ್‌ಗಳ ಪರದೆ ಎಳೆದೇ ಇತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಫೆಡರಲ್ ದುಡ್ಡು ಅಂದರೆ ಮುಖ್ಯವಾಗಿ ಪರ್ಕಿನ್ಸ್ ಹಣ. ಕೈಕೆಲಸದ ಶಿಕ್ಷಣಕ್ಕೆ ಅಮೆರಿಕ ಸರ್ಕಾರ 1917ರಿಂದಲೇ ಹಣ ಕೊಡುತ್ತಾ ಬಂದಿದೆ. ಈಗಿನ ಕಾಯ್ದೆಗೆ ಕೆಂಟಕಿಯ ಕಾಂಗ್ರೆಸ್ ಸದಸ್ಯ ಕಾರ್ಲ್ ಪರ್ಕಿನ್ಸ್ ಹೆಸರಿಟ್ಟದ್ದು 1984ರಲ್ಲಿ. 2018ರಲ್ಲಿ ಎರಡೂ ಪಕ್ಷದವರು ಸೇರಿ ಅದನ್ನು ಹೊಸದಾಗಿ ಪಾಸ್ ಮಾಡಿದರು. ವರ್ಷಕ್ಕೆ ಸುಮಾರು 140 ಕೋಟಿ ಡಾಲರ್ ರಾಜ್ಯಗಳಿಗೆ ಹೋಗುತ್ತದೆ. ರಾಜ್ಯ ಅದರಲ್ಲಿ ನೂರಕ್ಕೆ ಕನಿಷ್ಠ 85 ಭಾಗವನ್ನು ಶಾಲೆ, ಕಾಲೇಜುಗಳಿಗೇ ಕೊಡಬೇಕು. ಹೈಸ್ಕೂಲುಗಳ ಪಾಲು ಹಂಚುವಾಗ ನೂರರಲ್ಲಿ 30 ಭಾಗ ಮಕ್ಕಳ ಸಂಖ್ಯೆ ನೋಡಿ, 70 ಭಾಗ ಬಡ ಮನೆಯ ಮಕ್ಕಳ ಸಂಖ್ಯೆ ನೋಡಿ. ಹಾಗಾಗಿ ಇದಕ್ಕೆ ಕತ್ತರಿ ಬಿದ್ದರೆ ಜಾಸ್ತಿ ಪೆಟ್ಟು ಬೀಳುವುದು ಬಡ ಮಕ್ಕಳಿಗೆ. ನನಗೆ ಸಹಿಸಲಾಗದ ವಿಷಯ ಇದೇ.

ಆದರೆ ಇದು ಇಡೀ ಖರ್ಚಿನಲ್ಲಿ ಸಣ್ಣ ಪಾಲು. ನಮ್ಮಲ್ಲಿ ಹೊಸ ವೆಲ್ಡಿಂಗ್ ಮಷಿನ್ ಬಂದದ್ದು ಪರ್ಕಿನ್ಸ್ ಹಣದಿಂದ. ನನ್ನ ಸಂಬಳ, ಕರೆಂಟು, ಕಟ್ಟಡ ಎಲ್ಲ ರಾಜ್ಯದ ಹಣ ಮತ್ತು ಊರಿನ ಆಸ್ತಿ ತೆರಿಗೆಯಿಂದ. ಕಾನೂನಿನಲ್ಲಿ ಇನ್ನೊಂದು ಮಾತಿದೆ, ಇದನ್ನು ಬರೆದಿಟ್ಟುಕೊಳ್ಳಿ. ಪರ್ಕಿನ್ಸ್ ಹಣ ರಾಜ್ಯದ, ಊರಿನ ಹಣದ ಜೊತೆಗೆ ಹೆಚ್ಚುವರಿಯಾಗಿ ಸೇರಬೇಕೇ ಹೊರತು ಅದರ ಜಾಗಕ್ಕೆ ಬರುವಂತಿಲ್ಲ. ಅಂದಮೇಲೆ ‘ಫೆಡರಲ್ ಹಣ ಇಲ್ಲ, ಅದಕ್ಕೇ ಟೀಚರ್ ಇಲ್ಲ’ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಕೋರ್ಸಿನ ಬಜೆಟ್ ಹಾಳೆ ಕೇಳಿ. ಸಂಬಳ ಎಲ್ಲಿಂದ, ಸಾಮಾನು ಎಲ್ಲಿಂದ ಅಂತ ನೋಡಿ.

ಓಹಿಯೋದ ಬಹಳಷ್ಟು ಕೆರಿಯರ್ ಸೆಂಟರ್‌ಗಳಿಗೆ ಬೇರೆಯೇ ಬೋರ್ಡ್ ಇದೆ. ಮಗಳ ಹೈಸ್ಕೂಲಿನ ಬೋರ್ಡಿಗೂ ಅದಕ್ಕೂ ಸಂಬಂಧ ಇರುತ್ತದೆ, ಆದರೆ ಸಭೆ ಬೇರೆ. ಯಾವುದಕ್ಕೆ ಹೋಗಬೇಕು ಅಂತ ವಿಚಾರಿಸಿಕೊಂಡೇ ಹೋಗಿ. ಇನ್ನೊಂದು, ಪರ್ಕಿನ್ಸ್ ಹಣ ಪಡೆಯುವವರು ಎರಡು ವರ್ಷಕ್ಕೊಮ್ಮೆಯಾದರೂ ಊರಿನ ಅಗತ್ಯಗಳ ಸಮೀಕ್ಷೆ ಮಾಡಲೇಬೇಕು. ಅದರಲ್ಲಿ ತಂದೆ ತಾಯಿಯರ ಮಾತನ್ನೂ ಕೇಳಬೇಕು. ‘ಮುಂದಿನ ಸಮೀಕ್ಷೆ ಯಾವಾಗ, ನನ್ನನ್ನೂ ಕರೀರಿ’ ಅಂತ ಇಮೇಲ್ ಹಾಕಿ. ಮಗಳು ತರಬೇತಿಗೆ ಹೋಗುವ ನರ್ಸಿಂಗ್ ಹೋಮಿನವರನ್ನೂ ಕರೆದುಕೊಂಡು ಹೋಗಿ. ನಮಗೆ ಈ ಮಕ್ಕಳು ಬೇಕು ಅಂತ ಕೆಲಸ ಕೊಡುವವರೇ ಹೇಳಿದರೆ ಬೋರ್ಡಿನವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ವಾಷಿಂಗ್ಟನ್‌ಗೂ ಬರೆಯಿರಿ. ಓಟಿಲ್ಲದಿದ್ದರೂ ನೀವು ಆ ಕ್ಷೇತ್ರದಲ್ಲಿ ವಾಸ ಮಾಡುವವರು, ನಿಮ್ಮ ಪತ್ರಕ್ಕೂ ಬೆಲೆ ಇದೆ. ಅಲ್ಲಿ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ, ಮಾತುಕತೆ ತಿಂಗಳುಗಟ್ಟಲೆ ಮೊದಲೇ ನಡೆಯುತ್ತದೆ. ‘ಶಿಕ್ಷಣ ಉಳಿಸಿ’ ಅಂತಷ್ಟೇ ಬರೆಯಬೇಡಿ. ಪರ್ಕಿನ್ಸ್ ರಾಜ್ಯ ಅನುದಾನ ಅಂತ ಹೆಸರು ಹಿಡಿದು ಬರೆಯಿರಿ. ಮಗಳು ಈ ವಾರ ಏನು ಕಲಿತಳು, ಅದನ್ನೇ ಎರಡು ಸಾಲು ಹಾಕಿ. ಹಾಸಿಗೆ ಹಿಡಿದ ಅಜ್ಜಿಯನ್ನು ನೋವಾಗದ ಹಾಗೆ ಮಗ್ಗುಲು ಹೊರಳಿಸೋದು ಹದಿನಾರರ ಹುಡುಗಿಗೆ ಗೊತ್ತು ಅಂದರೆ ಅದು ಸಣ್ಣ ಮಾತಾ?

ಪ್ರಶ್ನೆ: ಮೇಷ್ಟ್ರೇ, ನನಗೆ 16. ನಮ್ಮ ಕಾರ್ ಮೆಕ್ಯಾನಿಕ್ ಕ್ಲಾಸನ್ನೂ ತೆಗೀತಾರಂತೆ. ವಿದ್ಯಾರ್ಥಿಗಳು ಬೋರ್ಡ್ ಮುಂದೆ ಮಾತಾಡಬಹುದಾ?

ಉತ್ತರ: ಧಾರಾಳವಾಗಿ ಮಾತಾಡಪ್ಪ. ಸಮೀಕ್ಷೆಯಲ್ಲಿ ಯಾರ ಮಾತು ಕೇಳಬೇಕು ಅಂತ ಕಾಯ್ದೆ ಹೇಳುವಾಗ ವಿದ್ಯಾರ್ಥಿಗಳನ್ನೂ ಹೆಸರಿಸಿದೆ. ಬೋರ್ಡ್ ಸಭೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತದೆ. ಭಾಷಣ ಬೇಡ. ನೀನು ಬಿಚ್ಚಿ ಜೋಡಿಸಿದ ಒಂದು ಬ್ರೇಕ್ ಬಗ್ಗೆ ಹೇಳು. ಮೊದಲ ಸಲ ಎಲ್ಲಿ ತಪ್ಪಿತು, ಮೇಷ್ಟ್ರು ಏನು ತೋರಿಸಿದರು, ಅಷ್ಟು ಸಾಕು. ಗೆಳೆಯರನ್ನು ಕರೆದುಕೊಂಡು ಹೋಗು, ಎಲ್ಲರೂ ವರ್ಕ್‌ಶಾಪ್ ಬಟ್ಟೆಯಲ್ಲೇ ಬರಲಿ. ಹೆಸರು ಮಾತ್ರ ಮೊದಲೇ ಬರೆಸು. ಸಭೆ ಶುರುವಾದ ಮೇಲೆ ಎಷ್ಟೋ ಕಡೆ ತೆಗೆದುಕೊಳ್ಳುವುದಿಲ್ಲ.