ಸಾಲ ಮಂಜೂರಾದ ಮೇಲೆ ಆರಂಭವಾಗುವ ಕೆಲಸ

ವಾಷಿಂಗ್ಟನ್‌ಗೆ, ವಿಶ್ವಬ್ಯಾಂಕಿನ ಅಲ್ಪಾವಧಿ ಸಲಹೆಗಾರರಾಗಿ ಬರುವ ಅವಕಾಶ ಸಿಕ್ಕಿದೆ, ಇಲ್ಲಿ ನೆಲೆ ನಿಲ್ಲಬಹುದೇ, ಬಡ ದೇಶಗಳಿಗೆ ನಿಜಕ್ಕೂ ಉಪಯೋಗವಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಬನ್ನಿ, ಆದರೆ ತಿಳಿದುಕೊಂಡು ಬನ್ನಿ.

ನೆಲೆಯ ಮಾತು ಮೊದಲು. ಅಲ್ಪಾವಧಿ ಒಪ್ಪಂದದಲ್ಲಿ ಒಂದು ಆರ್ಥಿಕ ವರ್ಷಕ್ಕೆ ಹೆಚ್ಚೆಂದರೆ 150 ದಿನಗಳ ಕೆಲಸ. ಅಂತರರಾಷ್ಟ್ರೀಯ ಸಂಸ್ಥೆಗಳ ಉದ್ಯೋಗಿಗಳಿಗೆ ಅಮೆರಿಕ ಕೊಡುವ ಜಿ-4 ವೀಸಾ ಉದ್ಯೋಗಕ್ಕೆ ಕಟ್ಟಿದ್ದು. ಒಪ್ಪಂದ ಮುಗಿದರೆ ಅದರ ಆಧಾರವೂ ಮುಗಿಯಿತು. ಮನೆಯನ್ನು ದೀರ್ಘ ಕರಾರಿಗೆ ಹಿಡಿಯಬೇಡಿ. ಆರೋಗ್ಯ ವಿಮೆ ಯಾರ ಹೊಣೆ ಎಂಬುದನ್ನು ಕುಟುಂಬವನ್ನು ಕರೆತರುವ ಮೊದಲೇ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. 2025ರಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಎಐಡಿ ಮುಚ್ಚಿದಾಗ ಈ ನಗರದಲ್ಲಿ ಅನುಭವಿಗಳೇ ಕೆಲಸ ಕಳೆದುಕೊಂಡರು, ಸ್ಪರ್ಧೆ ಬಿಗಿಯಾಗಿದೆ.

ನನಗೆ ಹೆಚ್ಚು ಹೇಳಬೇಕೆನಿಸುವುದು ಎರಡನೆಯ ಪ್ರಶ್ನೆಯ ಬಗ್ಗೆ. ವಿಶ್ವಬ್ಯಾಂಕಿನಿಂದ ಹೋಗುವ ಹಣದಲ್ಲಿ ಬಹುಪಾಲು ದಾನವಲ್ಲ, ಸಾಲ. 1960ರಲ್ಲಿ ಸ್ಥಾಪನೆಯಾದ, ಬ್ಯಾಂಕಿನ ಅಂಗಸಂಸ್ಥೆ ಐಡಿಎ ಅತಿ ಬಡ ದೇಶಗಳಿಗೆ ಬಡ್ಡಿಯಿಲ್ಲದೆ ಅಥವಾ ತೀರಾ ಕಡಿಮೆ ಬಡ್ಡಿಗೆ, ದಶಕಗಳ ಅವಧಿಗೆ ಸಾಲ ಕೊಡುತ್ತದೆ. ಸಾಲದಲ್ಲಿ ಮುಳುಗುವ ಅಪಾಯವಿರುವ ದೇಶಗಳಿಗೆ ಅನುದಾನವನ್ನೂ ನೀಡುತ್ತದೆ. ತುಸು ಉತ್ತಮ ಸ್ಥಿತಿಯ ದೇಶಗಳು ಬ್ಯಾಂಕಿನ ಇನ್ನೊಂದು ಅಂಗವಾದ ಐಬಿಆರ್‌ಡಿಯಿಂದ ಸಾಲ ಪಡೆಯುತ್ತವೆ.

ಜೂನ್ 30ಕ್ಕೆ ಬ್ಯಾಂಕಿನ ಆರ್ಥಿಕ ವರ್ಷ ಮುಗಿಯುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ಯೋಜನೆಗಳು ಸಾಲುಗಟ್ಟಿ, ಸಾಲ ಮಂಜೂರು ಮಾಡುವ ಬ್ಯಾಂಕಿನ ನಿರ್ದೇಶಕ ಮಂಡಳಿಯ ಮುಂದೆ ಹೋಗುತ್ತವೆ, ಮಂಜೂರಾದ ಮೊತ್ತ ಪತ್ರಿಕೆಗಳಲ್ಲಿ ಬರುತ್ತದೆ, ಎಲ್ಲರೂ ಅಭಿನಂದಿಸಿಕೊಳ್ಳುತ್ತಾರೆ. ಕುಡಿಯುವ ನೀರಿನ ಯೋಜನೆಯಾದರೆ, ಆ ಹೊತ್ತಿಗೆ ಒಂದು ಕೊಳವೆಯೂ ನೆಲಕ್ಕೆ ಇಳಿದಿರುವುದಿಲ್ಲ. ಭೂಸ್ವಾಧೀನ, ಟೆಂಡರ್, ಪರಿಸರ ಅನುಮತಿ, ಲೆಕ್ಕಪರಿಶೋಧನೆ ಇವೆಲ್ಲ ಸಾಗಿದಂತೆ ಮಾತ್ರ ಹಣ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ಐಬಿಆರ್‌ಡಿ ಸಾಲದಲ್ಲಿ ಬಹುಕಾಲ ಬಳಸದೆ ಉಳಿದ ಮೊತ್ತಕ್ಕೂ ದೇಶವು ಬದ್ಧತಾ ಶುಲ್ಕ, ಅಂದರೆ ಹಣವನ್ನು ಕಾದಿರಿಸಿದ್ದಕ್ಕೆ ಶುಲ್ಕ, ತೆರಬೇಕಾಗಬಹುದು. ಟೆಂಡರ್ ಕಡತಗಳು ಯಾರದೋ ಮೇಜಿನ ಮೇಲೆ ವರ್ಷಗಟ್ಟಲೆ ಕುಳಿತರೆ, ನಲ್ಲಿಗೆ ನೀರು ಬರುವ ಮೊದಲೇ ಆ ಜನರ ತೆರಿಗೆ ಹಣ ಸೋರುತ್ತದೆ. ಇದು ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಆದ್ದರಿಂದ ನಿಮಗೆ ಆಯ್ಕೆಯಿದ್ದರೆ ಹೊಸ ಯೋಜನೆ ರೂಪಿಸುವ ತಂಡಕ್ಕಿಂತ, ನಡೆಯುತ್ತಿರುವ ಯೋಜನೆಯ ಮೇಲ್ವಿಚಾರಣೆಯನ್ನೇ ಕೇಳಿ ಪಡೆಯಿರಿ. ಹೆಸರು ಕಡಿಮೆ, ಫಲ ಹೆಚ್ಚು. ಖರೀದಿ ನಿಯಮಗಳನ್ನು ಬಾಯಿಪಾಠವಾಗುವಷ್ಟು ಓದಿ. ಸಾಲ ಪಡೆದ ದೇಶದ ಇಲಾಖೆಯಲ್ಲಿ ಆ ಕಡತ ನೋಡುವ ಕಿರಿಯ ಅಧಿಕಾರಿಯ ಜೊತೆ ನೇರವಾಗಿ ಮಾತನಾಡಿ. ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಸಚಿವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಪಶ್ಚಿಮ ಆಫ್ರಿಕಾದ ಕೆಲಸ ಬೇಕೆಂದಿದ್ದೀರಲ್ಲ, ವೀಸಾ ಬರುವುದರೊಳಗೆ ಫ್ರೆಂಚ್ ಕಲಿಯಲು ಶುರುಮಾಡಿ.