ಬೆಳಗಿನ ಜಾವ ಮುಚ್ಚಿದ ಒಂದು ಅಲರ್ಟ್

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರು, ಊರು, ಕೆಲಸದ ಸ್ಥಳದ ವಿವರಗಳನ್ನೆಲ್ಲ ಗುರುತು ಸಿಗದಂತೆ ಬದಲಾಯಿಸಿ, ಮನಸ್ಸಿನ ಸಂಕಟಕ್ಕೆ ಸಲಹೆ ಕೇಳಿ ನನ್ನಲ್ಲಿಗೆ ಬಂದವರೊಬ್ಬರ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರನ್ನು ಇಲ್ಲಿ ರಘು ಎಂದು ಕರೆಯೋಣ. ವಯಸ್ಸು 31, ವಿವಾಹಿತರು. ತೆಂಗು ಬೆಳೆಯುವ ಸೀಮೆಯಿಂದ ಬೆಂಗಳೂರಿಗೆ ಬಂದು, ಸೈಬರ್ ಭದ್ರತೆಯ ನಿಗಾ ಕೇಂದ್ರವೊಂದರಲ್ಲಿ ಆರು ವರ್ಷಗಳಿಂದ ಪಾಳಿಯ ಮೇಲೆ ದುಡಿಯುತ್ತಿದ್ದರು. ಗ್ರಾಹಕ ಸಂಸ್ಥೆಗಳ ಸರ್ವರ್‌ಗಳಲ್ಲಿ ಅಸಹಜವಾದ ಚಟುವಟಿಕೆ ಕಂಡೊಡನೆ ಪರದೆಯ ಮೇಲೆ ಅಲರ್ಟ್ ಬರುತ್ತದೆ. ಅದು ನಿಜವಾದ ದಾಳಿಯೋ, ಸುಳ್ಳು ಎಚ್ಚರಿಕೆಯೋ ಎಂದು ನೋಡಿ, ದಾಳಿಯೆನಿಸಿದರೆ ಮೇಲಿನವರಿಗೆ ಒಪ್ಪಿಸುವುದು, ಇಲ್ಲವಾದರೆ ಕಾರಣ ಬರೆದು ಮುಚ್ಚುವುದು ಅವರ ಕೆಲಸವಾಗಿತ್ತು.

ಮೊದಲ ಭೇಟಿಯಲ್ಲಿ ಅವರು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಕುಳಿತರು. ಎರಡು ಮೂರು ನಿಮಿಷಕ್ಕೊಮ್ಮೆ ಅದನ್ನು ಎತ್ತಿ ನೋಡಿ ಮತ್ತೆ ಬೋರಲು ಇಡುತ್ತಿದ್ದರು. "ಸೈಲೆಂಟ್‌ನಲ್ಲಿದೆ ಮೇಡಂ, ಆದರೂ ಅದುರಿದ ಹಾಗೆ ಆಗುತ್ತದೆ" ಎಂದರು. ಅವರ ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ ಇತ್ತು. ಅದರ ಒಂದು ಪುಟದಲ್ಲಿ "4:12, ಫಾಲ್ಸ್ ಪಾಸಿಟಿವ್, ಕ್ಲೋಸ್ಡ್" ಎಂಬ ಒಂದೇ ಸಾಲನ್ನು, ಅಕ್ಷರಗಳ ಮೇಲೆ ಅಕ್ಷರ ತಿದ್ದಿ ತಿದ್ದಿ, ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದರು.

ನಡೆದದ್ದಿಷ್ಟು. ಆಸ್ಪತ್ರೆಗಳ ಸಮೂಹವೊಂದರ ಜಾಲವನ್ನು ಕಾಯುತ್ತಿದ್ದಾಗ, ರಾತ್ರಿ ಪಾಳಿಯ ಕೊನೆಯ ಹೊತ್ತಿನಲ್ಲಿ, ಬೆಳಗಿನ ಜಾವ 4 ಗಂಟೆ 12 ನಿಮಿಷಕ್ಕೆ ಬಂದ ಒಂದು ಅಲರ್ಟನ್ನು ಅವರು ಸುಳ್ಳು ಎಚ್ಚರಿಕೆಯೆಂದು ಮುಚ್ಚಿದ್ದರು. ಹನ್ನೊಂದು ದಿನಗಳ ನಂತರ ಆ ಸಂಸ್ಥೆಯ ಕಡತಗಳು ಗೂಢಲಿಪಿಯಾಗಿ ತೆರೆಯಲಾಗದಂತಾಗಿ, ದಾಳಿಕೋರರಿಂದ ಹಣದ ಬೇಡಿಕೆ ಬಂದಿತು. ಹೊರರೋಗಿ ವಿಭಾಗದ ನೋಂದಣಿ ಎರಡು ದಿನ ಕೈಬರಹದಲ್ಲಿ ನಡೆಯಿತು. ತನಿಖೆಯ ವರದಿಯಲ್ಲಿ ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿದಾಗ, ದಾಳಿಕೋರರ ಮೊದಲ ಹೆಜ್ಜೆಯ ಎದುರಿಗೆ ರಘು ಅವರ ಹೆಸರು ಇತ್ತು. ಯಾರೂ ಅವರನ್ನು ಬೈಯಲಿಲ್ಲ. "ಬೈದಿದ್ದರೆ ಚೆನ್ನಾಗಿತ್ತು" ಎಂದು ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ.

ಅಂದಿನಿಂದ ಪಾಳಿ ಇರಲಿ ಇಲ್ಲದಿರಲಿ ನಾಲ್ಕು ಗಂಟೆಗೆ ಎಚ್ಚರವಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಮುಚ್ಚಿದ ಪ್ರತಿ ಅಲರ್ಟನ್ನೂ ಮತ್ತೆ ತೆರೆದು ನೋಡುತ್ತಿದ್ದರಿಂದ ಕೆಲಸ ಹಿಂದೆ ಬೀಳುತ್ತಿತ್ತು. ಮನೆಯವರು "ಬಿಟ್ಟುಬಿಡಿ, ಊರಲ್ಲಿ ತೋಟ ಇದೆ" ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳಿದ ಆ ಮಾತು, "ಈ ಕೆಲಸ ನಿನ್ನಿಂದ ಆಗದು" ಎಂದಂತೆ ಅವರಿಗೆ ಕೇಳಿಸುತ್ತಿತ್ತು.

ಸಾಯುವ ಯೋಚನೆ ಬರುತ್ತದೆಯೇ ಎಂದು ನಾನು ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಯಬೇಕು ಅಂತಲ್ಲ ಮೇಡಂ, ಬೆಳಗ್ಗೆ ಎಚ್ಚರವಾಗದಿದ್ದರೆ ಸಾಕಿತ್ತು ಅನಿಸುತ್ತದೆ" ಎಂದರು. ಇದು ಹಗುರವಾಗಿ ಬಿಡುವ ಮಾತಲ್ಲ. ಅದೇ ವಾರ ಮನೋವೈದ್ಯರನ್ನು ಕಾಣುವ ವ್ಯವಸ್ಥೆ ಮಾಡಿ, ಪತ್ನಿಗೆ ಈ ವಿಷಯ ತಿಳಿಸಲು ಅವರಿಂದಲೇ ಒಪ್ಪಿಗೆ ಪಡೆದು, ಕನ್ನಡದಲ್ಲಿಯೂ ಹಗಲಿರುಳು ಮಾತನಾಡಬಹುದಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ನ್ನು ಅವರ ಮೊಬೈಲಿನಲ್ಲಿ ನನ್ನ ಎದುರಿಗೇ ಉಳಿಸಿಕೊಳ್ಳುವಂತೆ ಹೇಳಿದೆ. ಇದೆಲ್ಲ ಕಂಪನಿಗೆ ಗೊತ್ತಾಗುತ್ತದೆಯೇ ಎಂಬುದೇ ಅವರ ದೊಡ್ಡ ಅಂಜಿಕೆಯಾಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಚಿಕಿತ್ಸೆಯ ಗೋಪ್ಯತೆ ರೋಗಿಯ ಹಕ್ಕು ಎಂದಿರುವುದನ್ನು ವಿವರಿಸಿದೆ. ಜೀವಕ್ಕೆ ಅಪಾಯವೆನಿಸುವಂಥ ಕೆಲವು ಸಂದರ್ಭಗಳಲ್ಲಿ ಗೋಪ್ಯತೆಗೆ ಮಿತಿ ಬರುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಎರಡನೆಯ ಭೇಟಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಅವರ ಸಂಕಟ ನೋಡಲಾರದೆ, "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಎಂದುಬಿಟ್ಟೆ. ಅವರ ಮುಖ ಮುಚ್ಚಿಕೊಂಡಿತು. ಆ ದಿನ ಮತ್ತೆ ಹೆಚ್ಚು ಮಾತಾಡಲಿಲ್ಲ. ಮೂರನೆಯ ಭೇಟಿಗೆ ಬಂದಾಗ ಅವರೇ ವಿವರಿಸಿದರು: "ಮೇಡಂ, ನೀವು ಲಾಗ್ ನೋಡದೆ ಟಿಕೆಟ್ ಕ್ಲೋಸ್ ಮಾಡಿದಿರಿ." ಲಾಗ್ ಎಂದರೆ ಯಂತ್ರದಲ್ಲಿ ನಡೆದದ್ದರ ದಾಖಲೆ, ಟಿಕೆಟ್ ಎಂದರೆ ಒಂದೊಂದು ಅಲರ್ಟಿಗೂ ತೆರೆಯುವ ಕಡತ. ಪುರಾವೆಯನ್ನು ಪರಿಶೀಲಿಸಿ ತೀರ್ಮಾನಿಸುವುದನ್ನೇ ವೃತ್ತಿಯಾಗಿಸಿಕೊಂಡ ಮನುಷ್ಯನಿಗೆ ಪುರಾವೆಯಿಲ್ಲದ ಸಮಾಧಾನ ಅವಮಾನವಾಗಿ ತೋರುತ್ತದೆ. ಅದನ್ನು ಒಪ್ಪಿಕೊಂಡು, ಅವರ ತಪ್ಪಿನ ಪಾಲು ನಿಜಕ್ಕೂ ಎಷ್ಟು ಎಂಬುದನ್ನು ಇಬ್ಬರೂ ಕುಳಿತು ಅಳೆಯೋಣ, ಸೊನ್ನೆಯೆಂದೂ ನೂರೆಂದೂ ಮೊದಲೇ ತೀರ್ಮಾನಿಸುವುದು ಬೇಡ ಎಂದೆ.

ಮುಂದಿನ ಎರಡು ಭೇಟಿಗಳು ಈ ಅಳತೆಗೇ ಹೋದವು. ಗ್ರಾಹಕರ ಗುಟ್ಟು ಯಾವುದೂ ಹೊರಬರದಂತೆ, ಆ ರಾತ್ರಿಯ ಲೆಕ್ಕವನ್ನು ಅವರ ಕೈಯಲ್ಲೇ ಬರೆಸಿದೆ. ಒಂಬತ್ತು ಗಂಟೆಯ ಪಾಳಿಯಲ್ಲಿ ಊಟ, ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸುವ ಹೊತ್ತು ಕಳೆದು 480 ನಿಮಿಷ. ಅವರ ಸರದಿಗೆ ಬಂದ ಅಲರ್ಟ್‌ಗಳು 160. ಅಂದರೆ ಒಂದಕ್ಕೆ ಮೂರು ನಿಮಿಷ. ಅದು ಸತತ ಐದನೆಯ ರಾತ್ರಿ. ಜೊತೆಯವರೊಬ್ಬರು ರಜೆಯಲ್ಲಿದ್ದರು. ಅದೇ ಬಗೆಯ ಅಲರ್ಟ್ ಹಿಂದಿನ ವಾರಗಳಲ್ಲಿ ಹತ್ತಾರು ಬಾರಿ ಬಂದು, ಪ್ರತಿ ಸಲವೂ ಸುಳ್ಳೇ ಆಗಿತ್ತು. ಇಷ್ಟನ್ನು ಬರೆದ ಮೇಲೆ ಪೆನ್ನು ಕೆಳಗಿಡದೆ ಇನ್ನೊಂದು ಸಾಲನ್ನೂ ಅವರು ಬರೆದರು: ಅಂಥ ಅಲರ್ಟ್ ಬಂದಾಗ ಎರಡನೆಯ ಲಾಗನ್ನೂ ತೆರೆದು ನೋಡಬೇಕೆಂಬ ನಿಯಮವಿತ್ತು, ನಾನು ತೆರೆಯಲಿಲ್ಲ. ಅಲ್ಲಿಯವರೆಗೆ ಯಾರಿಗೂ ಹೇಳದ ಮಾತು ಅದು. ಆ ಒಂದು ಸಾಲು ಅವರ ಪಾಲು. ಅದನ್ನು ನಾನು ಅಳಿಸಲು ಹೋಗಲಿಲ್ಲ.

ಉಳಿದ ಸಾಲುಗಳಿಗೆ ಚರಿತ್ರೆಯ ಆಸರೆ ಬೇಕಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಿಮಾನಗಳಲ್ಲಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ರೇಡಾರ್ ನಿರ್ವಾಹಕರು ಪರದೆಯ ಮೇಲಿನ ಗುರುತುಗಳನ್ನು ಗಮನಿಸದೇ ಬಿಡುತ್ತಿದ್ದರು. ಕಾರಣ ಹುಡುಕಲು ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ ಅಂಕಿಗಳಿಲ್ಲದ ಗಡಿಯಾರವೊಂದನ್ನು ಮಾಡಿಸಿದರು. ಅದರ ಮುಳ್ಳು ಒಂದೊಂದೇ ಹೆಜ್ಜೆ ಸರಿಯುತ್ತ, ಅಪರೂಪಕ್ಕೊಮ್ಮೆ ಮಾತ್ರ ಎರಡು ಹೆಜ್ಜೆ ಹಾರುತ್ತಿತ್ತು. ನೋಡುವವರು ಆ ಹಾರಿಕೆಯನ್ನು ಎರಡು ಗಂಟೆ ಕಾಲ ಕಾಯಬೇಕು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿಯೇ ಅವರ ಕಣ್ಣು ತಪ್ಪಿಸಿಕೊಳ್ಳುವ ಹಾರಿಕೆಗಳು ಹೆಚ್ಚಾದವು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಬಿಡುವು ಎಂದು ಸರದಿ ಹಾಕಿದಾಗ ಆ ಕುಸಿತ ಕಾಣಲಿಲ್ಲ. 1948ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಕೇಳಿ ರಘು ಬಹಳ ಹೊತ್ತು ನೋಟ್‌ಬುಕ್ಕನ್ನೇ ನೋಡುತ್ತಿದ್ದರು. "ನಮ್ಮಲ್ಲಿ ಯಾರೂ ಇದನ್ನು ಹೇಳಿಕೊಟ್ಟಿಲ್ಲ" ಎಂದರು. ಹೇಳಿಕೊಡಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. 1988ರ ನವೆಂಬರ್‌ನಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ಹರಡುವ ಮಾರಿಸ್ ವರ್ಮ್ ಎಂಬ ಕುತಂತ್ರಾಂಶ ಹಬ್ಬಿದ ಬೆನ್ನಿಗೇ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮೊದಲ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ಹುಟ್ಟಿದ ದಿನಗಳಿಂದ ಇಂದಿನವರೆಗೆ, ಈ ವೃತ್ತಿ ಯಂತ್ರಗಳ ದೌರ್ಬಲ್ಯವನ್ನು ಅಷ್ಟು ಶ್ರದ್ಧೆಯಿಂದ ಪಟ್ಟಿ ಮಾಡಿದೆ. ಕಾಯುವವರ ಕಣ್ಣು ಸೋಲುವ ಬಗೆಗೆ ಆ ಶ್ರದ್ಧೆ ಸಿಕ್ಕಿಲ್ಲ.

ಆಗ ಅವರೇ ಬೆಂಗಳೂರಿನ ಒಂದು ಪ್ರಸಂಗವನ್ನು ಎತ್ತಿದರು. 2013ರ ನವೆಂಬರ್ 30ರಂದು ಅಮೆರಿಕದ ಟಾರ್ಗೆಟ್ ಮಳಿಗೆಗಳ ಕಂಪ್ಯೂಟರ್ ಜಾಲದೊಳಗೆ ದಾಳಿಕೋರರು ಕುತಂತ್ರಾಂಶ ಸೇರಿಸಿದಾಗ, ಅದರ ಅಲರ್ಟನ್ನು ಮೊದಲು ಕಂಡದ್ದು ಬೆಂಗಳೂರಿನಲ್ಲಿದ್ದ ನಿಗಾ ತಂಡ. ಅವರು ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿದರು. ಅಲ್ಲಿ ತಕ್ಷಣ ಕ್ರಮವಾಗಲಿಲ್ಲ, ಸುಮಾರು 4 ಕೋಟಿ ಕಾರ್ಡ್‌ಗಳ ಮಾಹಿತಿ ಕಳುವಾಯಿತು. "ಅವರು ನೋಡಿದರು, ಹೇಳಿದರು. ನಾನು ನೋಡಿದರೂ ಹೇಳಲಿಲ್ಲ" ಎಂದು ಅದನ್ನು ತಮ್ಮ ವಿರುದ್ಧದ ಸಾಕ್ಷಿಯಾಗಿಯೇ ಮುಂದಿಟ್ಟರು. ಹಾಗಾದರೆ ಅಲ್ಲಿ ಹೇಳಿದ ಮೇಲೂ ಏಕೆ ನಿಲ್ಲಲಿಲ್ಲ ಎಂದು ಕೇಳಿದೆ. ಉತ್ತರಿಸಲು ಅವರು ಒಂದು ವಾರ ತೆಗೆದುಕೊಂಡರು. ಮುಂದಿನ ಭೇಟಿಗೆ ಒಂದು ಹಾಳೆ ತಂದಿದ್ದರು. ಅಲರ್ಟ್ ಬಂದ ಕ್ಷಣದಿಂದ ಹನ್ನೊಂದನೆಯ ದಿನದವರೆಗೆ ತಮ್ಮ ಪ್ರಕರಣದಲ್ಲಿ ದಾಳಿ ನಿಲ್ಲಬಹುದಾಗಿದ್ದ ಜಾಗಗಳನ್ನು ಅದರಲ್ಲಿ ಗುರುತಿಸಿದ್ದರು. ಒಟ್ಟು ಏಳಿದ್ದವು. ಅವರದು ಒಂದು.

ಬಳಲಿಕೆಯ ಕುರಿತೂ ಎರಡು ಮಾತು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಒಂದು ರೋಗವಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲವೆನಿಸುವುದು ಅದರ ಮೂರು ಮುಖಗಳು. ರಘು ಅವರಲ್ಲಿ ಮೊದಲನೆಯದೂ ಮೂರನೆಯದೂ ಢಾಳಾಗಿದ್ದವು. ಕೆಲಸದಿಂದ ಮಾತ್ರ ಅವರ ಮನಸ್ಸು ಒಂದಿಷ್ಟೂ ದೂರ ಸರಿದಿರಲಿಲ್ಲ. ಹಾಗಾಗಿ ಬರ್ನ್‌ಔಟ್ ಎಂದು ಹೆಸರಿಟ್ಟು ಸುಮ್ಮನಾಗದೆ ಖಿನ್ನತೆಯ ಪರೀಕ್ಷೆಗೆ ಒತ್ತಾಯಿಸಿದ್ದೆ. ಮನೋವೈದ್ಯರು ಖಿನ್ನತೆಯನ್ನು ಗುರುತಿಸಿ ಔಷಧಿ ಆರಂಭಿಸಿದರು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಮೂರು ತಿಂಗಳು ರಾಜೀನಾಮೆಯ ತೀರ್ಮಾನವನ್ನು ತೆಗೆದುಕೊಳ್ಳಬಾರದೆಂಬುದು. ನಿದ್ದೆಗೆಟ್ಟ ಮನಸ್ಸು ಯೋಚಿಸಿ ಕೆಲಸ ಬಿಡುವುದು ಯಾವುದು, ಸಂಕಟದಿಂದ ಓಡಿಹೋಗುವುದು ಯಾವುದು ಎಂದು ಬೇರ್ಪಡಿಸಲಾರದು. ವೈದ್ಯರ ಪತ್ರದೊಂದಿಗೆ ರಾತ್ರಿ ಪಾಳಿಯಿಂದ ಬಿಡುಗಡೆ ಕೇಳಬೇಕು. ಕೇಳುವಾಗ ಕ್ಷಮೆಯ ಧಾಟಿ ಬೇಡ, 160 ಅಲರ್ಟ್‌ಗಳ ಲೆಕ್ಕವೇ ಮುಂದಿರಲಿ ಎಂದೆ. ಆ ಮಾತುಕತೆಯನ್ನು ನನ್ನ ಕೋಣೆಯಲ್ಲಿ ಮೂರು ಬಾರಿ ಅಭ್ಯಾಸ ಮಾಡಿದೆವು. ಪಾಳಿ ಬದಲಾಗುವವರೆಗೆ ಮಧ್ಯರಾತ್ರಿಯ ನಂತರ ಕಾಫಿ ಬೇಡ, ಪಾಳಿಗೆ ಹೊರಡುವ ಮುನ್ನ ಸಣ್ಣ ನಿದ್ದೆ ಇರಲಿ, ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿ, ಮೊಬೈಲು ಅಡುಗೆಮನೆಯಲ್ಲಿ ಮಲಗಲಿ ಎಂದೂ ಹೇಳಿದೆ. ಪತ್ನಿಯನ್ನು ಒಮ್ಮೆ ಜೊತೆಯಲ್ಲಿ ಕೂರಿಸಿ, "ಬಿಟ್ಟುಬಿಡಿ" ಎನ್ನುವ ಬದಲು "ಇವತ್ತು ಏನಾಯಿತು?" ಎಂದು ಕೇಳಿ ಎಂದು ಕೋರಿದೆ. "ಕೇಳಿದರೆ ನನಗೆ ಅರ್ಥವಾಗುತ್ತದೆಯೇ ಮೇಡಂ?" ಎಂದು ಆಕೆ ಅಳುಕಿದರು. ಅರ್ಥವಾಗಬೇಕಿಲ್ಲ, ಅವರು ಹೇಳುವಂತಾದರೆ ಸಾಕು ಎಂದೆ.

ಇದೇ ಸಮಯದಲ್ಲಿ ಇನ್ನೊಂದು ಘಟನೆ ನಡೆದು ಅವರು ಮತ್ತೆ ಕುಸಿದರು. ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಬೇರೊಂದು ಗ್ರಾಹಕರಲ್ಲಿ ಅಂಥ ಸಂದರ್ಭ ಬಂದು, ರಜೆಯಲ್ಲಿದ್ದ ಅವರಿಗೂ ಕರೆ ಹೋಯಿತು. ಕೈ ನಡುಗಿ ಕೀಬೋರ್ಡ್ ಹಿಡಿಯಲಾಗಲಿಲ್ಲ. ನಿಯಮ ನ್ಯಾಯವಾದದ್ದೇ, ಆದರೆ ಆ ಆರು ಗಂಟೆಯ ಭಾರ ಒಬ್ಬನೇ ಮನುಷ್ಯನ ಮೇಲೆ ಬೀಳದಂತೆ ಸಂಸ್ಥೆ ಮೊದಲೇ ಸರದಿ ಗೊತ್ತುಮಾಡಿರಬೇಕು. ಇದನ್ನು ಬರೆದು ಮೇಲಧಿಕಾರಿಗೆ ಕೊಡುವಂತೆ ಸೂಚಿಸಿದೆ, ಕೊಟ್ಟರು. ರಜೆಯಲ್ಲಿರುವವರನ್ನು ಕರೆಯುವ ಪಟ್ಟಿಯಿಂದ ಕೈಬಿಡಲಾಯಿತು.

ಐದನೆಯ ತಿಂಗಳಲ್ಲಿ ಅವರು ಹಗಲು ಪಾಳಿಗೆ ಬಂದು, ಅಲರ್ಟ್ ಹುಟ್ಟಿಸುವ ನಿಯಮಗಳನ್ನು ತಿದ್ದುವ ತಂಡ ಸೇರಿದರು. ಪದೇ ಪದೇ ಸುಳ್ಳು ಕೂಗುವ ನಿಯಮಗಳನ್ನು ಹುಡುಕಿ ಸರಿಪಡಿಸುವುದು ಅಲ್ಲಿಯ ಕೆಲಸ. ಮೊದಲು ತಿದ್ದಿದ್ದು ಆ 4:12ರ ನಿಯಮವನ್ನು: ಈಗ ಅಂಥ ಅಲರ್ಟ್ ಬಂದರೆ ಎರಡನೆಯ ಲಾಗ್ ಅದರ ಜೊತೆಯಲ್ಲೇ ತೆರೆದುಕೊಳ್ಳುತ್ತದೆ. ನಾಲ್ಕು ಗಂಟೆಯ ಎಚ್ಚರ ವಾರಕ್ಕೆ ಎರಡು ಮೂರು ದಿನ ಇನ್ನೂ ಇದೆ. ಔಷಧಿ ಮುಂದುವರಿದಿದೆ, ತಿಂಗಳಿಗೊಮ್ಮೆ ನನ್ನಲ್ಲಿಗೆ ಬರುತ್ತಾರೆ. ಕಳೆದ ಸಲ ಬಂದಾಗ ನೋಟ್‌ಬುಕ್ ಹೊಸದಾಗಿತ್ತು. ಹಳೆಯದನ್ನು ಏನು ಮಾಡಿದಿರಿ ಎಂದು ಕೇಳಿದೆ. "ಆಫೀಸಿನ ಡ್ರಾಯರಿನಲ್ಲಿದೆ ಮೇಡಂ. ಹೊಸದಾಗಿ ಸೇರಿದ ಹುಡುಗರಿಗೆ ಏಳು ಜಾಗಗಳ ಹಾಳೆ ತೋರಿಸುವಾಗ ಆ ಪುಟವನ್ನೂ ತೋರಿಸುತ್ತೇನೆ" ಎಂದರು.