ಅಕ್ಕೋರ ಉತ್ತರ: ಹಸ್ತಪ್ರತಿಯನ್ನು ಯಾರ ಕೈಗೆ ಕೊಡಲಿ?

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನಾನು ಕಾರವಾರದ ಬೈತಖೋಲದವನು. ರಂಪಣಿ ಬಲೆಯ ಕಾಲದ ಮೀನುಗಾರ ಕುಟುಂಬವೊಂದರ ಮೇಲೆ ಕಾದಂಬರಿ ಬರೆದಿದ್ದೇನೆ, 310 ಪುಟ. ಹೆಂಡತಿ, ಭಾವ, ಇಬ್ಬರು ಸ್ನೇಹಿತರು ಓದಿ ಚೆನ್ನಾಗಿದೆ ಎಂದರು. ಒಬ್ಬರು ‘ಸಂಪೂರ್ಣ ಪರಿಷ್ಕರಣೆ’ಗೆ 30 ಸಾವಿರ ರೂಪಾಯಿ ಕೇಳಿದ್ದಾರೆ. ಕೊಡಲೇ? ಓದಲು ಕೊಟ್ಟವರು ಕತೆ ಕದ್ದರೆ ಏನು ಗತಿ? ಮೊದಲ ಮೂರು ಅಧ್ಯಾಯ ಜೊತೆಗಿಟ್ಟಿದ್ದೇನೆ.

ಉತ್ತರ: ಮೂರೂ ಅಧ್ಯಾಯಗಳನ್ನು ಮೊನ್ನೆ ಸಂಜೆ ಜಗಲಿಯಲ್ಲಿ ಕೂತು ಓದಿದೆ. ಬಲೆ ಎಳೆಯುವ ಪುಟ ಚೆನ್ನಾಗಿದೆ. ದಡದಲ್ಲಿ ಎರಡು ಸಾಲಾಗಿ ನಿಂತವರ ಹಿಮ್ಮಡಿ ಮರಳಿನಲ್ಲಿ ಹೂತುಹೋಗುವುದು, ಬಂಗಡೆ ಕಾಣುವ ಮೊದಲೇ ಕಾಗೆಗಳು ಸೇರುವುದು, ಇದನ್ನೆಲ್ಲ ಕಂಡವರೇ ಬರೆಯಬೇಕು. ಆದರೆ ಎರಡನೆಯ ಅಧ್ಯಾಯದಲ್ಲಿ ನಿಮ್ಮ ನಾಯಕ 1976ರಲ್ಲಿ ಕಾರವಾರದಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗುತ್ತಾನೆ. ಕೊಂಕಣ ರೈಲ್ವೆ ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಅವನನ್ನು ಬಸ್ಸಿಗೆ ಹತ್ತಿಸಿ. ನಾಲ್ವರು ಓದಿದರೂ ಒಬ್ಬರೂ ಇದನ್ನು ಹೇಳಲಿಲ್ಲ ನೋಡಿ. ಅವರ ತಪ್ಪೂ ಅಲ್ಲ. ನೀವು ರಾತ್ರಿ ಹನ್ನೆರಡರವರೆಗೆ ಕೂತು ಬರೆದದ್ದನ್ನು ಕಂಡ ಹೆಂಡತಿಯಿಂದ ದೋಷ ಹುಡುಕಿಸುವುದು ಅನ್ಯಾಯ.

ಮೂವತ್ತು ಸಾವಿರ ಯಾವ ಕೆಲಸಕ್ಕೆ ಎಂದು ಮೊದಲು ಕೇಳಿ. ಕತೆ ನಿಲ್ಲುತ್ತದೆಯೇ, ಎಲ್ಲಿ ಜಗ್ಗುತ್ತದೆ, ಯಾವ ಪಾತ್ರ ನಡುವೆ ಕಾಣೆಯಾಯಿತು ಎಂದು ಓದಿ ವರದಿ ಬರೆಯುವುದು ಒಂದು ಕೆಲಸ. ವಾಕ್ಯ ವಾಕ್ಯ ತಿದ್ದುವುದು ಬೇರೆ ಕೆಲಸ. ಕರಡು ತಿದ್ದುವುದು ಪುಟವಿನ್ಯಾಸವಾದ ಮೇಲಿನದು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತುಗಳು ಜಾಗ ಬಿಟ್ಟು ಓಡುವುದುಂಟು. ನಿಮಗೆ ಈಗ ಬೇಕಾದದ್ದು ಮೊದಲನೆಯದು ಮಾತ್ರ. ನಾಳೆ ಕಿತ್ತುಹಾಕಬೇಕಾದ ಅಧ್ಯಾಯದ ಒತ್ತಕ್ಷರವನ್ನು ಇಂದು ದುಡ್ಡು ಕೊಟ್ಟು ತಿದ್ದಿಸಿ ಏನು ಬಂತು?

ಇಪ್ಪತ್ತು ವರ್ಷದ ಹಿಂದೆ ನಾನೂ ಒಂದು ಕಾದಂಬರಿ ಬರೆದೆ. ದೂರದ ಊರಿನ ಮಹನೀಯರೊಬ್ಬರಿಗೆ ಹಣ ಕಳಿಸಿ ಅಭಿಪ್ರಾಯ ಕೇಳಿದೆ. ಎರಡು ಪುಟ ಬಂತು: ಪಾತ್ರಚಿತ್ರಣ ಸಶಕ್ತ, ಮಧ್ಯಭಾಗ ಬಿಗಿಯಾಗಬೇಕು, ಮಣ್ಣಿನ ವಾಸನೆ ಇದೆ. ನನ್ನ ಒಂದೇ ಒಂದು ಪಾತ್ರದ ಹೆಸರು ಅದರಲ್ಲಿರಲಿಲ್ಲ. ಯಾರ ಕಾದಂಬರಿಗೆ ಲಗತ್ತಿಸಿದರೂ ಒಪ್ಪುತ್ತಿತ್ತು. ಆಮೇಲೆ ಕುಮಟೆಯ ನಿವೃತ್ತ ಮಾಸ್ತರರೊಬ್ಬರಿಗೆ ಕೊಟ್ಟೆ. ತಿಂಗಳ ಮೇಲೆ ಕಟ್ಟು ಮರಳಿ ಬಂತು. ಎಲ್ಲಿಯೂ ಒಂದು ಗೆರೆ ಎಳೆದಿರಲಿಲ್ಲ. 112ನೆಯ ಪುಟದಲ್ಲಿ ಕುಮಟಾ–ಶಿರಸಿ ಬಸ್ಸಿನ ಟಿಕೆಟ್ ಸಿಕ್ಕಿಸಿದ್ದರು. ಕೇಳಿದರೆ, “ಅಲ್ಲಿ ಮುಚ್ಚಿದೆ ಅಕ್ಕೋರೇ, ಮತ್ತೆ ತೆಗೆಯಲು ಮನಸ್ಸಾಗಲಿಲ್ಲ” ಎಂದರು. ದೇವಿಮನೆ ಘಟ್ಟದ ತಿರುವಿಗೆ ತಲೆ ಸುತ್ತಿರಬೇಕು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ವಾರ ಕಳೆದು ಧೈರ್ಯ ಮಾಡಿ ಆ ಪುಟ ಬಿಡಿಸಿದರೆ, ಅಲ್ಲಿಂದ ಹದಿನೆಂಟು ಪುಟ ಶ್ರಾದ್ಧದ ಅಡುಗೆಯನ್ನೇ ವರ್ಣಿಸಿದ್ದೆ. ಕತೆ ಅಟ್ಟ ಹತ್ತಿ ಮಲಗಿತ್ತು. ಹಣ ಕೊಟ್ಟು ಪಡೆದ ಎರಡು ಪುಟಕ್ಕಿಂತ ಆ ಟಿಕೆಟ್ಟೇ ನನಗೆ ಹೆಚ್ಚು ಕಲಿಸಿತು.

ಹಾಗಾಗಿ ಯಾರಿಗೆ ಕೊಟ್ಟರೂ ‘ಹೇಗಿದೆ’ ಎಂದು ಕೇಳಬೇಡಿ, ‘ಎಲ್ಲಿ ಮುಚ್ಚಿಟ್ಟಿರಿ’ ಎಂದು ಕೇಳಿ. ರಂಪಣಿ ಎಳೆದ ಹಿರಿಯರೊಬ್ಬರಿಗೆ ಓದಿ ಹೇಳಿ. ಕೊಂಕಣಿ ಬಾರದ ಮೈಸೂರು ಕಡೆಯವರೊಬ್ಬರಿಗೂ ಕೊಡಿ, ನಿಮ್ಮ ಸಂಭಾಷಣೆ ಅವರಿಗೆ ದಾಟುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಹಣ ಕೊಟ್ಟೇ ಓದಿಸುವುದಾದರೆ ಅಡಿಕೆ ವ್ಯಾಪಾರಿಯನ್ನು ನೋಡಿ ಕಲಿಯಿರಿ. ರಾಶಿಯ ಮೇಲಿನದನ್ನು ನೋಡಿ ಅವನು ದರ ಕಟ್ಟುವುದಿಲ್ಲ, ಒಳಗೆ ಕೈ ಹಾಕಿ ಹಿಡಿ ತೆಗೆಯುತ್ತಾನೆ. ನೀವೂ ಕಾದಂಬರಿಯ ನಡುವಿನಿಂದ ಇಪ್ಪತ್ತು ಪುಟ ತೆಗೆದು, ಅಷ್ಟಕ್ಕೆ ಮಾತ್ರ ಹಣ ಕೊಟ್ಟು ಅಭಿಪ್ರಾಯ ಬರೆಸಿಕೊಳ್ಳಿ. ಪುಟ, ಸಾಲು, ಪಾತ್ರ ಹಿಡಿದು ಮಾತನಾಡಿದರೆ ಉಳಿದದ್ದನ್ನು ಕೊಡಿ. ಮಣ್ಣಿನ ವಾಸನೆ ಎಂದರೆ ಕೈ ಮುಗಿದುಬಿಡಿ. ಅವರು ಹಿಂದೆ ಕೆಲಸ ಮಾಡಿದ ಲೇಖಕರಿಬ್ಬರಿಗೆ ಫೋನ್ ಮಾಡಿ ವಿಚಾರಿಸಿ. ತಿದ್ದುವುದು, ಅಚ್ಚು, ಬಿಡುಗಡೆ, ಎಲ್ಲ ನಮ್ಮದೇ ಎನ್ನುವವರ ಬಗ್ಗೆ ನನಗೆ ಗುಮಾನಿ. ಅವರ ಗಿರಾಕಿ ಲೇಖಕ, ಓದುಗನಲ್ಲ. ಪ್ರಕಾಶಕರು ಹಸ್ತಪ್ರತಿಯನ್ನು ಒಪ್ಪಿಕೊಂಡರೆ ತಿದ್ದಿಸುವ ಖರ್ಚು ಅವರದೇ ಆಗಬೇಕು. ನೀವು ಇನ್ನೂ ಎಳೆಯರಾಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆಯ ಮೇಲೂ ಕಣ್ಣಿಡಿ.

ಇನ್ನು ಕಳ್ಳತನ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರೆದೊಡನೆ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನಿಮ್ಮ ಕಾಲದ ನಂತರವೂ 60 ವರ್ಷ ಉಳಿಯುತ್ತದೆ. ಆದರೆ ಕಾಯಿದೆ ಕಾಯುವುದು ನಿಮ್ಮ ಬರಹವನ್ನು. ‘ರಂಪಣಿ ಕಾಲದ ಕತೆ’ ಎಂಬ ಬರಿಯ ಹೊಳಹನ್ನು ಯಾರೂ ಬರೆಯಬಹುದು. ಇಮೇಲ್‌ನಲ್ಲಿ ಕಳಿಸಿ, ದಿನಾಂಕ ದಾಖಲೆಯಾಗುತ್ತದೆ. 310 ಪುಟ ಕದ್ದು ಕೂತು ತಿದ್ದುವಷ್ಟು ಶ್ರಮಜೀವಿ ಕಳ್ಳನನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: ನನ್ನ ಕಾದಂಬರಿಯ ಸಂಭಾಷಣೆ ಹವ್ಯಕ ಕನ್ನಡದಲ್ಲಿದೆ. ಸಂಪಾದಕರು ತಿದ್ದಿಬಿಟ್ಟರೆ? (ಯಲ್ಲಾಪುರದಿಂದ ಓದುಗರೊಬ್ಬರು)

ಉತ್ತರ: ತಿದ್ದಿಯೇ ತಿದ್ದುತ್ತಾರೆ, ನೀವು ಮೊದಲೇ ಹೇಳದಿದ್ದರೆ. ಒಂದು ಹಾಳೆಯಲ್ಲಿ ಊರಿನ ಪದಗಳನ್ನೂ ನೀವು ಬರೆಯುವ ರೂಪವನ್ನೂ ಅರ್ಥವನ್ನೂ ಪಟ್ಟಿ ಮಾಡಿ ಹಸ್ತಪ್ರತಿಯ ಮೇಲೆಯೇ ಇಡಿ. ಒಂದೇ ಪದವನ್ನು ನೀವೇ ಮೂರು ಬಗೆಯಾಗಿ ಬರೆದಿದ್ದರೆ ಅದೂ ಆಗ ಸಿಕ್ಕಿಬೀಳುತ್ತದೆ. ಮುಖ್ಯವಾಗಿ ‘ಕೂಸು’ ಎಂದರೆ ನಮ್ಮಲ್ಲಿ ಹುಡುಗಿ ಎಂದು ದೊಡ್ಡದಾಗಿ ಬರೆಯಿರಿ. ಇಲ್ಲದಿದ್ದರೆ ಬಯಲುಸೀಮೆಯ ಸಂಪಾದಕರು ಮದುವೆಗೆ ಬಂದ ನಿಮ್ಮ ನಾಯಕಿಯನ್ನು ಎತ್ತಿ ತೊಟ್ಟಿಲಿಗೆ ಹಾಕಿಯಾರು.